‘ಗೊತ್ತಾಗಲಿಲ್ಲ’ ಎಂಬುದೂ ಒಂದು ಉತ್ತರ

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಠಾಣೆ ಕ್ರೀಕಿನ ಅಂಚಿನಲ್ಲಿ ನಿಂತು ಒಂದು ಹಕ್ಕಿಯ ಏಳು ಫೋಟೋ ತೆಗೆದೆ. ಇಳಿತದ ಹೊತ್ತು. ನೀರು ಹಿಂದೆ ಸರಿದು ಕೆಸರು ಕಣ್ಣಿಗೆ ಕಾಣುವಷ್ಟು ದೂರ ಹಾಸಿಕೊಂಡಿತ್ತು. ಬಿಸಿಲು ಎದುರಿಗೆ, ಹಕ್ಕಿ ನೂರು ಮೀಟರಿಗೂ ಆಚೆ. ನಾಲ್ಕು ಹೆಜ್ಜೆ ಓಡುವುದು, ಗಕ್ಕನೆ ನಿಲ್ಲುವುದು, ಕೆಸರಿಗೆ ಒಮ್ಮೆ ಕುಕ್ಕಿ ಮತ್ತೆ ಓಡುವುದು. ಏಳು ಫೋಟೋಗಳಲ್ಲಿ ನಾಲ್ಕರಲ್ಲಿ ಬರೀ ಕೆಸರು ಬಂದಿತ್ತು. ಉಳಿದ ಮೂರರಲ್ಲಿ ಮೇಲೆ ಕಂದು, ಕೆಳಗೆ ಬಿಳಿ, ಎರಡು ಕಪ್ಪು ಗೀಟಿನಂಥ ಕಾಲು, ಮುಂದೊಂದು ಕಪ್ಪು ಚುಕ್ಕೆಯಂಥ ಕೊಕ್ಕು.

ಮನೆಗೆ ಬಂದು ಆ ಮೂರನ್ನು ಹಕ್ಕಿ ನೋಡುವವರ ಒಂದು ವಾಟ್ಸಾಪ್ ಗುಂಪಿಗೆ ಹಾಕಿದೆ. ‘ಇದು ಯಾವುದು ಅಂತ ಯಾರಾದರೂ ಹೇಳ್ತೀರಾ?’ ಎಂಟು ನಿಮಿಷದಲ್ಲಿ ಉತ್ತರ ಬಂತು: ‘ಸೈಬೀರಿಯನ್ ಸ್ಯಾಂಡ್ ಪ್ಲವರ್. ಅಭಿನಂದನೆಗಳು ಮೇಡಂ, ನಮ್ಮ ಕಡೆ ಅಪರೂಪ!’ ಅದರ ಹಿಂದೆಯೇ ಹನ್ನೊಂದು ಚಪ್ಪಾಳೆ. ಒಬ್ಬರು ‘ಗ್ರೇಟರ್ ಇರಬಹುದು’ ಅಂದರು. ಇನ್ನೊಬ್ಬರು ಫೋನಿನ ಆ್ಯಪ್‌ಗೆ ತೋರಿಸಿ ‘ಇದು ಕೆಂಟಿಶ್ ಪ್ಲವರ್ ಅನ್ನುತ್ತಿದೆ’ ಅಂದರು. ಸಂಜೆಯ ಹೊತ್ತಿಗೆ ಚಪ್ಪಾಳೆ ಬಿದ್ದ ಹೆಸರೇ ಗೆದ್ದಿತ್ತು. ನಾನೂ ಖುಷಿಯಿಂದ ಅದೇ ಹೆಸರನ್ನು ಇ-ಬರ್ಡ್‌ನಲ್ಲಿ ದಾಖಲಿಸಿದೆ.

ಮೂರು ದಿನ ಬಿಟ್ಟು, ದಾಖಲೆಗಳನ್ನು ಪರಿಶೀಲಿಸುವ ಸ್ವಯಂಸೇವಕರೊಬ್ಬರಿಂದ ಒಂದು ಸಾಲಿನ ಮೇಲ್ ಬಂತು. ‘ಯಾವ ಲಕ್ಷಣ ನೋಡಿ ಸೈಬೀರಿಯನ್ ಎಂದು ನಿರ್ಧರಿಸಿದಿರಿ, ದಯವಿಟ್ಟು ತಿಳಿಸುವಿರಾ?’ ನನ್ನಲ್ಲಿ ಉತ್ತರವಿರಲಿಲ್ಲ. ‘ಗುಂಪಿನಲ್ಲಿ ಹೇಳಿದರು’ ಎಂದು ಬರೆಯಲು ನಾಚಿಕೆಯಾಯಿತು. ದಾಖಲೆ ತಿದ್ದಿ ‘ಸ್ಯಾಂಡ್ ಪ್ಲವರ್, ಪ್ರಭೇದ ತಿಳಿಯದು’ ಎಂದು ಮಾಡಿದೆ. ಗುಂಪಿನಲ್ಲೂ ಹೇಳಿದೆ. ‘ಅಯ್ಯೋ, ಅಷ್ಟು ಒಳ್ಳೆಯ ದಾಖಲೆ ಕೈಬಿಟ್ಟಿರಲ್ಲ’ ಎಂದು ಹಲವರು ಮರುಗಿದರು.

ಈ ಬರಹ ಆ ಮರುಕದ ವಿರುದ್ಧ.

ಮೊದಲು ಹಕ್ಕಿಯ ವಿಷಯ. ಕೆಸರು, ಗದ್ದೆ, ಕೆರೆಯಂಚಿನಲ್ಲಿ ನಡೆದಾಡಿ ಮೇಯುವ ಸಣ್ಣ ಹಕ್ಕಿಗಳನ್ನು ನಮ್ಮಲ್ಲಿ ಗೊರವ, ಗದ್ದೆಗೊರವ ಎಂದೆಲ್ಲ ಒಟ್ಟಾಗಿ ಕರೆಯುವುದುಂಟು. ಇವುಗಳಲ್ಲಿ ಬಹುಪಾಲು ಉತ್ತರದಲ್ಲಿ ಮೊಟ್ಟೆಯಿಟ್ಟು ಚಳಿಗಾಲಕ್ಕೆ ನಮ್ಮ ಕಡೆ ಬರುತ್ತವೆ. ಮೊಟ್ಟೆಯಿಡುವ ಕಾಲದಲ್ಲಿ ಒಂದೊಂದಕ್ಕೂ ಒಂದೊಂದು ಬಣ್ಣ. ಸ್ಯಾಂಡ್ ಪ್ಲವರ್‌ಗಳಿಗೆ ಇಟ್ಟಿಗೆಗೆಂಪು ಎದೆ, ಕಣ್ಣಿಗೆ ಕಪ್ಪು ಪಟ್ಟಿ. ನಮ್ಮಲ್ಲಿಗೆ ಬಂದಿರುವಾಗ ಅದೆಲ್ಲ ಮಾಸಿ ಎಲ್ಲವೂ ಒಂದೇ ಸಮವಸ್ತ್ರದಲ್ಲಿರುತ್ತವೆ. ಅಂದರೆ ಮುಂಬೈ, ಚೆನ್ನೈ, ಭಿಗ್ವಣದಲ್ಲಿ ನಾವು ಇವನ್ನು ನೋಡುವುದೇ ಗುರುತು ಹಿಡಿಯಲು ಅತಿ ಕಷ್ಟವಾದ ತಿಂಗಳುಗಳಲ್ಲಿ.

ನನ್ನ ಫೋಟೋಗಳಿಂದ ಏನು ತಿಳಿಯುತ್ತಿತ್ತು? ಕೆಲವು ಸಂಗತಿ ಖಂಡಿತ ತಿಳಿಯುತ್ತಿತ್ತು. ಓಡಿ, ನಿಂತು, ಕುಕ್ಕುವ ಆ ಚಾಳಿ ಪ್ಲವರ್‌ಗಳದ್ದು. ಸ್ಯಾಂಡ್‌ಪೈಪರ್‌ಗಳು ಸಾಮಾನ್ಯವಾಗಿ ಬಿಡದೆ ನಡೆಯುತ್ತ ಕೆಸರು ಕೆದಕುತ್ತವೆ. ಮೂರನೆಯ ಫೋಟೋದಲ್ಲಿ ಹಕ್ಕಿ ಬೆನ್ನು ತಿರುಗಿಸಿತ್ತು. ಕುತ್ತಿಗೆಯ ಹಿಂಬದಿಯಲ್ಲಿ ಬಿಳಿ ಪಟ್ಟಿಯಿರಲಿಲ್ಲ. ಕೆಂಟಿಶ್ ಪ್ಲವರ್‌ಗೆ ಅಲ್ಲಿ ಬಿಳಿ ಕಾಲರ್ ಇರುತ್ತದೆ, ಸ್ಯಾಂಡ್ ಪ್ಲವರ್‌ಗಳಿಗಿಲ್ಲ. ಹಾಗಾಗಿ ‘ಸ್ಯಾಂಡ್ ಪ್ಲವರ್’ ಎಂಬಲ್ಲಿಯವರೆಗೆ ಧೈರ್ಯವಾಗಿ ಹೋಗಬಹುದಿತ್ತು. ಮುಂದಕ್ಕೆ ದಾರಿಯಿರಲಿಲ್ಲ.

ಯಾಕೆಂದರೆ ಸ್ಯಾಂಡ್ ಪ್ಲವರ್‌ಗಳೊಳಗೆ ಗ್ರೇಟರ್, ಲೆಸ್ಸರ್ ಎಂದು ಎರಡು ಎಂಬುದು ಹಳೆಯ ಲೆಕ್ಕ. ಗ್ರೇಟರ್ ಎರಡು ಮೂರು ಸೆಂಟಿಮೀಟರ್ ಉದ್ದ. ಅದರ ಕಾಲು ತುಸು ಹಸಿರು ಮಿಶ್ರಿತ ತೆಳುಬಣ್ಣ, ಲೆಸ್ಸರ್‌ನದು ಗಾಢ. ಕೊಕ್ಕಿನ ಬುಡದಿಂದ ಕಣ್ಣಿನ ಹಿಂಬದಿಯವರೆಗಿನ ಅಂತರವನ್ನು ಕೊಕ್ಕಿನ ಉದ್ದಕ್ಕೆ ಹೋಲಿಸುವುದು ಎಲ್ಲರೂ ಬಳಸುವ ಅಳತೆ. ಕೊಕ್ಕು ಅದಕ್ಕಿಂತ ಉದ್ದವಿದ್ದರೆ ಗ್ರೇಟರ್, ಹೆಚ್ಚುಕಡಿಮೆ ಸಮವಿದ್ದರೆ ಲೆಸ್ಸರ್. ಈಚಿನ ವರ್ಷಗಳಲ್ಲಿ ಆ ಲೆಸ್ಸರ್ ಕೂಡ ಎರಡಾಯಿತು. ಹಿಮಾಲಯ, ಟಿಬೆಟ್ ಪ್ರಸ್ಥಭೂಮಿಯ ಕಡೆ, ನಮ್ಮ ಲಡಾಖ್ ಸೇರಿ, ಮೊಟ್ಟೆಯಿಡುವುದು ಟಿಬೆಟನ್. ರಷ್ಯಾದ ಪೂರ್ವ ತುದಿಯಲ್ಲಿ ಮೊಟ್ಟೆಯಿಟ್ಟು ಬಹುಪಾಲು ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾ ಕಡೆ ಹೋಗುವುದು ಸೈಬೀರಿಯನ್. ಟಿಬೆಟನ್‌ನ ಕೊಕ್ಕು ಸೈಬೀರಿಯನ್‌ಗಿಂತ ಉದ್ದ, ಅಂದರೆ ಗ್ರೇಟರ್ ಕಡೆಗೆ ವಾಲಿದ್ದು. ಹಾಗಾಗಿ ಹಳೆಯ ಅಳತೆಯೂ ಅಂಚಿನಲ್ಲಿ ಕೈಕೊಡುತ್ತದೆ.

2022ರಲ್ಲಿ ಬಂದ ಜೀನೋಮ್ ಅಧ್ಯಯನವೊಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಟಿಬೆಟನ್ ಹಕ್ಕಿಯ ಹತ್ತಿರದ ನೆಂಟ ಸೈಬೀರಿಯನ್ ಅಲ್ಲ, ಗ್ರೇಟರ್. ಒಂದೇ ‘ಲೆಸ್ಸರ್’ ಎಂದು ಅಷ್ಟು ಕಾಲ ಕರೆದದ್ದು ನೋಟಕ್ಕೆ ಒಂದೇ ಥರ ಇದ್ದ ಎರಡು ಬೇರೆ ಕವಲುಗಳನ್ನು. ಭಾಷಾವಿಜ್ಞಾನ ಓದಿದ ನನಗೆ ಇದು ಹೊಸ ಕಥೆಯಲ್ಲ. ತುಳು ಕನ್ನಡ ಲಿಪಿಯಲ್ಲಿ ಅಚ್ಚಾಗುತ್ತದೆ, ನೆರೆಮನೆಯ ಭಾಷೆ, ಹಾಗಾಗಿ ಕನ್ನಡದ ಒಂದು ಬಗೆ ಎಂದುಕೊಂಡವರು ಈಗಲೂ ಇದ್ದಾರೆ. ವಂಶವೃಕ್ಷ ಬಿಡಿಸಿದ ಹಲವು ವಿದ್ವಾಂಸರ ಲೆಕ್ಕದಲ್ಲಿ ತುಳು ಬಹಳ ಮೊದಲೇ ಕವಲೊಡೆದದ್ದು. ಕನ್ನಡಕ್ಕೆ ಅದಕ್ಕಿಂತ ಹತ್ತಿರದ ನೆಂಟ ತಮಿಳು. ನೋಟ ಒಂದೇ ಇದ್ದ ಮಾತ್ರಕ್ಕೆ ನೆಂಟಸ್ತಿಕೆ ಬರುವುದಿಲ್ಲ. ನೋಟವೇ ಮಸುಕಾಗಿದ್ದರೆ ಕೇಳುವುದೇ ಬೇಡ.

ಈಗ ನನ್ನ ಮೂರು ಫೋಟೋಗಳಿಗೆ ಬನ್ನಿ. ಕೊಕ್ಕಿನ ಉದ್ದ ಅಳೆಯಬೇಕಾದರೆ ತಲೆ ಪೂರ್ತಿ ಪಕ್ಕಕ್ಕೆ ತಿರುಗಿರಬೇಕು. ಸ್ವಲ್ಪ ನಮ್ಮ ಕಡೆ ವಾಲಿದರೂ ಉದ್ದ ಕೊಕ್ಕು ಮೋಟಾಗಿ ಕಾಣುತ್ತದೆ. ಕಾಲಿನ ಬಣ್ಣ ಬೇಕಾದರೆ ಬೆಳಕು ನಮ್ಮ ಬೆನ್ನ ಹಿಂದಿರಬೇಕು. ಎದುರು ಬಿಸಿಲಿನಲ್ಲಿ ಎಲ್ಲ ಕಾಲುಗಳೂ ಕಪ್ಪೇ. ಕಾಲಿಗೆ ಕೆಸರು ಮೆತ್ತಿಕೊಂಡಿದ್ದರೆ ಬೆಳಕು ಎಲ್ಲಿದ್ದರೂ ಕಪ್ಪೇ. ಗಾತ್ರ ಹೇಳಬೇಕಾದರೆ ಪಕ್ಕದಲ್ಲಿ ಗೊತ್ತಿರುವ ಇನ್ನೊಂದು ಹಕ್ಕಿ ಬೇಕು. ನನ್ನದು ಒಂಟಿಯಾಗಿತ್ತು. ಬಿಸಿಲೇರಿದ ಮೇಲೆ ಕೆಸರಿನಿಂದೇಳುವ ಝಳ ಅಂಚುಗಳನ್ನೆಲ್ಲ ಕುಣಿಸುತ್ತದೆ. ಅಲ್ಲಿಂದ ಫೋಟೋ ವಾಟ್ಸಾಪ್‌ಗೆ ಹೋಗುವಾಗ ಇನ್ನಷ್ಟು ಹಿಂಡಿಹೋಗುತ್ತದೆ. ಮೂವರು ಮೂರು ಹೆಸರು ಕೊಟ್ಟರಲ್ಲ, ಅವರು ಯಾವುದನ್ನು ನೋಡಿದರು? ನೋಡಲು ಅಲ್ಲಿ ಏನಿತ್ತು?

ಮಸುಕು ಫೋಟೋ ಎಂದ ಕೂಡಲೇ ಎಸೆಯಿರಿ ಎಂದು ನಾನು ಹೇಳುತ್ತಿಲ್ಲ. ಮೆಟ್ಟುಗಾಲು ಹಕ್ಕಿಯ ಫೋಟೋ ಎಷ್ಟೇ ಅಲುಗಾಡಿರಲಿ, ಆ ಉದ್ದನೆಯ ಗುಲಾಬಿ ಕಾಲು ಸಾಕು. ನಲವತ್ತು ವರ್ಷ ಕೆಸರು ತುಳಿದವರು ನಿಲುವು ನೋಡಿಯೇ ಹೇಳುವ ಹಕ್ಕಿಗಳಿವೆ. ಅವರ ಮಾತಿಗೆ ಬೆಲೆಯಿದೆ. ನನ್ನ ಪ್ರಶ್ನೆ ಫೋಟೋ ಚೆನ್ನಾಗಿದೆಯೇ ಎಂಬುದಲ್ಲ. ಯಾವ ಲಕ್ಷಣದ ಮೇಲೆ ಹೆಸರು ನಿಂತಿದೆಯೋ ಆ ಲಕ್ಷಣ ಫೋಟೋದಲ್ಲಿ ಇದೆಯೇ? ಮೆಟ್ಟುಗಾಲಿನದು ಇದೆ. ನನ್ನ ಸ್ಯಾಂಡ್ ಪ್ಲವರ್‌ನದು ಇಲ್ಲ. ನಿಜವಾದ ಅನುಭವಿಗಳು ಈ ವ್ಯತ್ಯಾಸ ಬಲ್ಲರು. ‘ಇದರಲ್ಲಿ ಹೇಳಲಿಕ್ಕಾಗದು’ ಎಂಬ ಮಾತನ್ನು ನಾನು ಹೆಚ್ಚಾಗಿ ಕೇಳಿರುವುದು ಅವರ ಬಾಯಲ್ಲೇ. ಎಂಟು ನಿಮಿಷದ ಉತ್ತರ ಬರುವುದು ನಡುವಿನವರಿಂದ, ಅಂದರೆ ನಮ್ಮನಿಮ್ಮಂಥವರಿಂದ.

ಇದಕ್ಕೆ ಈಗ ಹೊಸದೊಂದು ಪಿಡುಗು ಸೇರಿದೆ. ಗುಂಪಿನ ಹುಡುಗನೊಬ್ಬ ನನ್ನ ಫೋಟೋವನ್ನು ಯಾವುದೋ ಎಐ ಆ್ಯಪ್‌ಗೆ ಹಾಕಿ ‘ಕ್ಲಿಯರ್ ಮಾಡಿದ್ದೀನಿ ಅಕ್ಕ’ ಎಂದು ಕಳಿಸಿದ. ಪ್ರೀತಿಯಿಂದಲೇ ಮಾಡಿದ್ದು. ನೋಡಿದರೆ ಕಣ್ಣಿಗೆ ಹೊಳಪು ಬಂದಿದೆ, ಗರಿಗಳ ಅಂಚು ಒಂದೊಂದೂ ಎಣಿಸಬಹುದು, ಕೊಕ್ಕಿಗೆ ಚೂಪಾದ ತುದಿಯಿದೆ. ಒಂದು ಕ್ಷಣ ನಾನೂ ಬೆರಗಾದೆ. ಆಮೇಲೆ ಯೋಚಿಸಿದೆ: ನನ್ನ ಕ್ಯಾಮೆರಾಕ್ಕೆ ತಲುಪದ ಬೆಳಕು ಈ ಚಿತ್ರಕ್ಕೆ ಎಲ್ಲಿಂದ ಬಂತು? ಎಲ್ಲಿಂದಲೂ ಬಂದಿಲ್ಲ. ಬೇರೆ ಸಾವಿರಾರು ಹಕ್ಕಿಗಳ ಫೋಟೋ ಕಂಡ ಯಂತ್ರ, ‘ಇಂಥ ಕಡೆ ಇಂಥ ಗರಿ ಇರುತ್ತದೆ’ ಎಂದು ಊಹಿಸಿ ಬರೆದಿದೆ. ಆ ಕೊಕ್ಕು ನನ್ನ ಹಕ್ಕಿಯದಲ್ಲ. ಅದನ್ನು ಅಳೆದು ಹೆಸರಿಟ್ಟರೆ ನಾವು ಗುರುತಿಸಿದ್ದು ಯಂತ್ರದ ಊಹೆಯನ್ನು. ಹಲವು ಫೋನುಗಳು ಹೆಚ್ಚು ಜೂಮ್ ಮಾಡಿದಾಗ ನಮ್ಮನ್ನು ಕೇಳದೆಯೇ ಇಂಥ ತಿದ್ದುಪಡಿ ಮಾಡುತ್ತವೆ. ಮಸುಕು ಫೋಟೋ ತಾನು ಮಸುಕು ಎಂದು ಒಪ್ಪಿಕೊಳ್ಳುತ್ತದೆ. ಈ ಹೊಳಪಿನ ಫೋಟೋ ಅಷ್ಟನ್ನೂ ಮಾಡುವುದಿಲ್ಲ.

ಇಷ್ಟು ಸಿಟ್ಟು ಯಾಕೆ ಎಂದು ನೀವು ಕೇಳಬಹುದು. ಕಾರಣ ನನ್ನ ಕಸುಬಿನಲ್ಲಿದೆ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಗಾಗಿ ಹಳ್ಳಿಗಳಲ್ಲಿ ಮಾಡಿದ ಸಂದರ್ಶನಗಳ ಧ್ವನಿಮುದ್ರಣ ಕೇಳಿ, ಬರಹಕ್ಕಿಳಿಸಿ, ಇಂಗ್ಲಿಷಿಗೆ ಅನುವಾದಿಸುವ ಕೆಲಸ ಮಾಡಿದೆ. ಒಬ್ಬ ಹೆಂಗಸು ತನ್ನ ಸಾಲದ ಮೊತ್ತ ಹೇಳುವ ಹೊತ್ತಿಗೆ ಸರಿಯಾಗಿ ಹಿಂದಿನಿಂದ ಟ್ರ್ಯಾಕ್ಟರ್ ಹಾದುಹೋಯಿತು. ‘...ವತ್ತು ಸಾವಿರ’ ಎಂಬಷ್ಟೇ ಕೇಳಿಸಿತು. ಮೂವತ್ತೋ, ನಲವತ್ತೋ, ಐವತ್ತೋ, ಅರವತ್ತೋ? ಹತ್ತು ಸಲ ಹಿಂದೆಮುಂದೆ ಮಾಡಿ ಕೇಳಿದೆ. ಕೊನೆಗೆ, ಅದಕ್ಕೂ ಮುಂಚಿನ ಸಂದರ್ಶನದಲ್ಲಿ ನೆರೆಮನೆಯವರು ನಲವತ್ತು ಅಂದಿದ್ದರಿಂದ ‘ನಲವತ್ತು ಸಾವಿರ’ ಎಂದು ತುಂಬಿದೆ. ಸಂಸ್ಥೆಯವರು ಮೆಚ್ಚಿಕೊಂಡರು. ಬೇರೆ ಅನುವಾದಕರ ಪ್ರತಿಗಳಲ್ಲಿ ‘ಕೇಳಿಸಲಿಲ್ಲ’ ಎಂಬ ಖಾಲಿ ಜಾಗಗಳಿದ್ದವಂತೆ, ನನ್ನದರಲ್ಲಿ ಒಂದೂ ಇರಲಿಲ್ಲ. ವರ್ಷದ ನಂತರ ಅವರ ವರದಿ ಅಚ್ಚಾಗಿ ಬಂದಾಗ ಒಂದು ಕೋಷ್ಟಕದಲ್ಲಿ ಆ ನಲವತ್ತು ಸಾವಿರ ಕುಳಿತಿತ್ತು. ಎಲ್ಲ ಅಂಕಿಗಳಂತೆ ಅದೂ ನೇರವಾಗಿ, ಧೈರ್ಯವಾಗಿ ಕುಳಿತಿತ್ತು. ಅದರ ಹಿಂದೆ ಒಂದು ಟ್ರ್ಯಾಕ್ಟರ್ ಇದೆ ಎಂದು ಓದುವವರಿಗೆ ಯಾರು ಹೇಳಬೇಕು?

ಸರಿಯಾದದ್ದು ಏನು ಬರೆಯಬಹುದಿತ್ತು? ‘ಮೂವತ್ತರಿಂದ ಅರವತ್ತು ಸಾವಿರದೊಳಗೆ, ಮೊದಲ ಭಾಗ ಕೇಳಿಸದು.’ ಅದು ಸೋಲಲ್ಲ. ಕೇಳಿಸಿದ್ದೆಲ್ಲ ಅದರಲ್ಲಿದೆ, ಕೇಳಿಸದ್ದು ಒಂದೂ ಇಲ್ಲ. ನಮ್ಮ ಶಾಸನ ಓದುವವರಿಗೆ ಈ ಶಿಸ್ತು ಹಳೆಯದು. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳನ್ನು ತೆರೆದು ನೋಡಿ, ಕಲ್ಲು ಸವೆದ ಕಡೆ ಚುಕ್ಕೆಗಳಿವೆ. ಅಲ್ಲಿ ಯಾವ ಅಕ್ಷರವಿರಬಹುದು ಎಂದು ಊಹಿಸುವ ವಿದ್ಯೆ ಆ ವಿದ್ವಾಂಸರಿಗೆ ಇರಲಿಲ್ಲವೇ? ಇತ್ತು. ಆದರೂ ಊಹೆಯನ್ನು ಕಲ್ಲಿನ ಮಾತಾಗಿ ಅಚ್ಚು ಹಾಕಲಿಲ್ಲ. ಆ ಚುಕ್ಕೆಗಳಿರುವುದರಿಂದಲೇ ಉಳಿದ ಅಕ್ಷರಗಳನ್ನು ನಾವು ನಂಬುತ್ತೇವೆ.

ಹಕ್ಕಿಗಳ ದಾಖಲೆಯಲ್ಲಿ ಈ ನಂಬಿಕೆಯ ಬೆಲೆ ಎಷ್ಟು ಎಂಬುದಕ್ಕೆ ಠಾಣೆ ಕ್ರೀಕೇ ಉದಾಹರಣೆ. ಅದು 2022ರಲ್ಲಿ ರಾಮ್ಸಾರ್ ಪಟ್ಟಿ ಸೇರಿತು. ಚೆನ್ನೈನ ಪಳ್ಳಿಕರಣೈ ಜೌಗು ಕೂಡ ಅದೇ ವರ್ಷ. ನಮ್ಮ ಕುಮಟಾದ ಅಘನಾಶಿನಿ ಅಳಿವೆ 2024ರಲ್ಲಿ. ಅಂತರರಾಷ್ಟ್ರೀಯ ಮಹತ್ವದ ಜೌಗು ಎಂದು ಒಪ್ಪಲು ಆ ಒಪ್ಪಂದದಲ್ಲಿ ಒಂಬತ್ತು ಮಾನದಂಡಗಳಿವೆ. ಹಕ್ಕಿಗಳಿಗೇ ಸಂಬಂಧಿಸಿದ್ದು ಎರಡು. ಒಂದು: ಅಲ್ಲಿ ನಿಯಮಿತವಾಗಿ 20,000 ಅಥವಾ ಹೆಚ್ಚು ನೀರುಹಕ್ಕಿಗಳಿರಬೇಕು. ಇನ್ನೊಂದು: ಯಾವುದಾದರೂ ಒಂದು ಪ್ರಭೇದ ಅಥವಾ ಉಪಪ್ರಭೇದದ ಒಟ್ಟು ಸಂಖ್ಯೆಯಲ್ಲಿ ಶೇ. 1ರಷ್ಟು ನಿಯಮಿತವಾಗಿ ಅಲ್ಲಿರಬೇಕು.

ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದಕ್ಕೆ ಹೆಸರೇ ಬೇಡ. ‘ಸಣ್ಣ ವೇಡರ್, ಪ್ರಭೇದ ತಿಳಿಯದು: 340’ ಎಂದು ಬರೆದರೆ ಆ 340 ಹಕ್ಕಿಗಳೂ ಪೂರ್ತಿ ಲೆಕ್ಕಕ್ಕೆ ಬರುತ್ತವೆ. ‘ಹೆಸರಿಲ್ಲದ ದಾಖಲೆ ವ್ಯರ್ಥ’ ಎನ್ನುವವರಿಗೆ ಇದೇ ಉತ್ತರ. ಎರಡನೆಯದಕ್ಕೆ ಹೆಸರು ಬೇಕು, ಅದೂ ಸರಿಯಾದ ಹೆಸರು. ಟಿಬೆಟನ್ ಗುಂಪಿನ ಶೇ. 1 ಬೇರೆ, ಸೈಬೀರಿಯನ್ ಗುಂಪಿನದು ಬೇರೆ. ಹಾಗಾಗಿ ಗೊತ್ತಿಲ್ಲದ ಹಕ್ಕಿಗೆ ಹೆಸರು ಕೊಟ್ಟಾಗ ಮೊದಲ ಲೆಕ್ಕಕ್ಕೆ ಲಾಭವೇನೂ ಇಲ್ಲ, ಎರಡನೆಯದಕ್ಕೆ ನಷ್ಟ ಮಾತ್ರ. ನಮ್ಮ ನಗರಗಳಲ್ಲಿ ಜೌಗುಗಳ ಜಗಳ ನಡೆಯುವುದು ನಕ್ಷೆ ಮತ್ತು ಅಂಕಿಗಳ ಮೇಲೆ. ಮಣ್ಣು ತುಂಬಲು ಕಾದವರ ಕಡೆಯವರಿಗೆ ನಮ್ಮ ಪಟ್ಟಿಯನ್ನು ಪೂರ್ತಿ ಸುಳ್ಳೆಂದು ತೋರಿಸಬೇಕಾಗಿಲ್ಲ. ‘ಈ ಒಂದು ಸಾಲು ಹೇಗೆ ಬಂತು ಹೇಳಿ’ ಎಂದು ಕೇಳಿದರೆ ಸಾಕು. ನನ್ನನ್ನು ಕೇಳಿದ್ದರೆ ನಾನು ಹನ್ನೊಂದು ಚಪ್ಪಾಳೆ ತೋರಿಸಬೇಕಾಗುತ್ತಿತ್ತು.

ತಪ್ಪು ಹೆಸರಿಗೆ ಇನ್ನೂ ಕ್ರೂರವಾದ ಒಂದು ಮುಖವಿದೆ. ಸ್ಲೆಂಡರ್-ಬಿಲ್ಡ್ ಕರ್ಲ್ಯೂ ಎಂಬ ವೇಡರ್ ಇತ್ತು. ಸೈಬೀರಿಯಾ ಕಡೆಯಿಂದ ಮೆಡಿಟರೇನಿಯನ್ ಸುತ್ತಲಿನ ಜೌಗುಗಳಿಗೆ ಚಳಿಗಾಲಕ್ಕೆ ಬರುತ್ತಿತ್ತು. ನೋಡಲು ಸಾಮಾನ್ಯ ಕರ್ಲ್ಯೂವಿನಂತೆಯೇ, ಗಾತ್ರ ಚಿಕ್ಕದು, ಕೊಕ್ಕು ತೆಳು. ಯಾರೂ ತಕರಾರು ಎತ್ತದ ಕೊನೆಯ ದಾಖಲೆ 1995ರ ಫೆಬ್ರುವರಿಯದು, ಮೊರಾಕ್ಕೋದ ಮೆರ್ಜಾ ಝೆರ್ಗಾದಲ್ಲಿ. ಆಮೇಲೂ ‘ಕಂಡೆವು’ ಎಂಬ ವರದಿಗಳು ಬರುತ್ತಲೇ ಇದ್ದವು. 1998ರಲ್ಲಿ ಇಂಗ್ಲೆಂಡಿನ ನಾರ್ತಂಬರ್‌ಲ್ಯಾಂಡ್ ಕರಾವಳಿಯಲ್ಲಿ ಕಂಡ ಹಕ್ಕಿಯನ್ನು ಪರಿಣತರ ಸಮಿತಿಯೇ ಒಪ್ಪಿ ಬ್ರಿಟನ್ನಿನ ಪಟ್ಟಿಗೆ ಸೇರಿಸಿತು. ವರ್ಷಗಳ ನಂತರ ಮತ್ತೆ ಪರಿಶೀಲಿಸಿ, ಸಾಕ್ಷ್ಯ ಸಾಲದೆಂದು ಕೈಬಿಟ್ಟರು. 2024ರ ಅಧ್ಯಯನವೊಂದು ಆ ಪ್ರಭೇದ 1990ರ ದಶಕದ ನಡುವಿನಲ್ಲೇ ಇಲ್ಲವಾಗಿರಬೇಕು ಎಂದಿತು. 2025ರಲ್ಲಿ ಅಧಿಕೃತವಾಗಿ ಅಳಿದ ಪಟ್ಟಿಗೆ ಸೇರಿತು. ಅಲ್ಲಿ ನೋಡಿದವರು ನಮಗಿಂತ ನುರಿತವರು. ನೋಡಬೇಕೆಂಬ ಆಸೆ ಅವರಿಗೂ ಇತ್ತು. ಮಸುಕಿನಲ್ಲಿ ನಮಗೆ ಕಾಣುವುದು ಎಷ್ಟೋ ಸಲ ನಮ್ಮ ಆಸೆಯೇ. ಇಲ್ಲದ ಹಕ್ಕಿಯನ್ನು ಕಾಗದದ ಮೇಲೆ ಬದುಕಿಸಿಡಲು ಸುಳ್ಳೇ ಬೇಕಿಲ್ಲ, ಅಂಥ ಆಸೆಯೊಂದಿದ್ದರೂ ಸಾಕು.

‘ಕಲಿಯುವವರು, ತಪ್ಪು ಮಾಡಲಿ ಬಿಡಿ, ಉತ್ಸಾಹಕ್ಕೆ ತಣ್ಣೀರು ಎರಚಬೇಡಿ’ ಎಂಬ ಮಾತು ನನಗೂ ಬಂತು. ಕಲಿಯುವವರ ಪರವಾಗಿಯೇ ಹೇಳುತ್ತೇನೆ. ‘ಸೈಬೀರಿಯನ್’ ಎಂಬ ಒಂದು ಪದದಿಂದ ನಾನು ಏನೂ ಕಲಿಯಲಿಲ್ಲ. ‘ಯಾವ ಲಕ್ಷಣ ನೋಡಿ?’ ಎಂಬ ಒಂದು ಪ್ರಶ್ನೆಯಿಂದ ಕೊಕ್ಕು, ಕಣ್ಣು, ಕಾಲು, ಬಿಳಿ ಕಾಲರ್, ಲಡಾಖ್ ಎಲ್ಲ ಕಲಿತೆ. ಮೇಲೆ ಬರೆದದ್ದರಲ್ಲಿ ಬಹುಪಾಲು ಆ ಮೇಲ್ ಬಂದ ಮೇಲೆ ಓದಿದ್ದು. ಹೊಸಬರಿಗೆ ಹೆಸರು ಎಸೆಯುವುದು ಅವರ ಬಾಯಿ ಮುಚ್ಚಿಸುವ ಸುಲಭದ ದಾರಿ. ಜೊತೆಗೆ ಕೂತು ‘ಇದರಲ್ಲಿ ಏನು ಕಾಣುತ್ತಿದೆ, ಏನು ಕಾಣುತ್ತಿಲ್ಲ’ ಎಂದು ನೋಡುವುದು ಕಲಿಸುವುದು.

ಏಷ್ಯನ್ ನೀರುಹಕ್ಕಿ ಗಣತಿ ಪ್ರತಿ ಜನವರಿಯಲ್ಲಿ ನಡೆಯುತ್ತದೆ, 1987ರಿಂದಲೂ. ಭಿಗ್ವಣದಲ್ಲೋ ಪಳ್ಳಿಕರಣೈಯಲ್ಲೋ ಓಖ್ಲಾದಲ್ಲೋ ನಿಮ್ಮಲ್ಲಿ ಕೆಲವರಾದರೂ ಬೈನಾಕ್ಯುಲರ್ ಹಿಡಿದು ಹೋಗುತ್ತೀರಿ. ನನ್ನ ಕೋರಿಕೆ ಇಷ್ಟೇ. ಆ್ಯಪ್ ತೆರೆಯುವ ಮೊದಲು ಕಂಡದ್ದನ್ನು ನಾಲ್ಕು ಸಾಲು ಬರೆದಿಡಿ: ಬೆಳಕು ಎಲ್ಲಿತ್ತು, ಪಕ್ಕದಲ್ಲಿ ಯಾವ ಹಕ್ಕಿಯಿತ್ತು, ಹೇಗೆ ಮೇಯುತ್ತಿತ್ತು. ಯಾರಾದರೂ ಹೆಸರು ಹೇಳಿದರೆ ಲಕ್ಷಣ ಕೇಳಿ, ಹೇಳಿದವರು ಎಷ್ಟೇ ದೊಡ್ಡ ‘ಸರ್’ ಆಗಿರಲಿ. ನೀವೇ ಹೆಸರು ಹೇಳುವವರಾದರೆ ಲಕ್ಷಣವನ್ನೂ ಸೇರಿಸಿ ಹೇಳಿ. ಲಕ್ಷಣ ಸಿಗದಿದ್ದರೆ ‘ತಿಳಿಯದು’ ಎಂಬ ಸಾಲಿನಲ್ಲಿ ಸಂಖ್ಯೆ ಬರೆದು ಮುಂದಕ್ಕೆ ಹೋಗಿ. ಆ ಸಾಲು ಇರುವುದೇ ಬಳಸಲಿಕ್ಕೆ.

ಮಾರ್ಚ್ ಕೊನೆಯಲ್ಲಿ ಅದೇ ಜಾಗಕ್ಕೆ ಮತ್ತೆ ಹೋದೆ. ಈ ಸಲ ಬೆಳಕನ್ನು ಬೆನ್ನಿಗಿಟ್ಟುಕೊಂಡು ನಿಂತೆ. ಊರಿಗೆ ಹೊರಡುವ ಮುಂಚೆ ಹಕ್ಕಿಗಳಿಗೆ ಬಣ್ಣ ಬರತೊಡಗಿತ್ತು. ಹತ್ತಿರ ಬಂದ ಒಂದು ಸ್ಯಾಂಡ್ ಪ್ಲವರ್‌ನ ಎದೆ ಇಟ್ಟಿಗೆಗೆಂಪಾಗಿತ್ತು, ಹಣೆ ಪೂರ್ತಿ ಕಪ್ಪು. ಸೈಬೀರಿಯನ್‌ಗೆ ಈ ಹೊತ್ತಿಗೆ ಹಣೆಯಲ್ಲಿ ಬಿಳಿ ಇರುತ್ತದೆ. ‘ಟಿಬೆಟನ್, 1. ಲಕ್ಷಣ: ಕಪ್ಪು ಹಣೆ’ ಎಂದು ಬರೆದುಕೊಂಡೆ. ಅದು ನನ್ನ ಜನವರಿಯ ಹಕ್ಕಿಯೇ ಇರಬಹುದೇ? ಗೊತ್ತಿಲ್ಲ. ದಾಖಲೆಯಲ್ಲಿ ಅವು ಎರಡು ಬೇರೆ ಸಾಲುಗಳಾಗಿಯೇ ಇವೆ.